ಇಂಟರ್‌ಸೆಪ್ಟರ್ ಕೊಟ್ಟು ಟರ್ಬೊ ಕಾರು ತರಬೇಕು ಅಂತಿದ್ದೇನೆ. ಕೂಸು ಬರೋ ಮುಂಚೆ ಬುದ್ಧಿ ಹೇಳಿ

ನವನಗರದವ

ಎಲ್ಲರಿಗೂ ನಮಸ್ಕಾರ ರೀ. ಸ್ವಲ್ಪ ಉದ್ದ ಬರೆಯುತ್ತೇನೆ, ಚಹಾ ಹಿಡಿದುಕೊಂಡು ಓದಿ.

ನನ್ನ ಹತ್ತಿರ 2019ರ ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650 ಇದೆ. 31 ಸಾವಿರ ಕಿಲೋಮೀಟರ್ ಓಡಿದೆ. ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಅಂಕೋಲಾ ತನಕ ಎಷ್ಟು ಸಲ ಹೋಗಿದ್ದೇನೋ ಲೆಕ್ಕ ಇಲ್ಲ. ಮದುವೆಗೆ ಮುಂಚಿನ ಗಾಡಿ. ಕಂತು ನಾನೇ ಕಟ್ಟಿದ್ದು.

ಹೋದ ತಿಂಗಳು ಹೆಂಡತಿಯ ಕುಬಸ ಆಯಿತು. ತವರು ಗದಗ, ಹೆರಿಗೆಗೆ ಅಲ್ಲಿಗೇ ಹೋಗುತ್ತಾಳೆ. ನಾನು ವಾರಕ್ಕೊಮ್ಮೆಯಾದರೂ ಹುಬ್ಬಳ್ಳಿ-ಗದಗ ಓಡಾಡಬೇಕು. ಆಮೇಲೆ ಬಾಣಂತಿ, ಕೂಸು, ತೊಟ್ಟಿಲು, ಇಬ್ಬರು ಅವ್ವಂದಿರು. ಬೈಕಿನಲ್ಲಿ ಆಗೋ ಮಾತಲ್ಲ.

ಮನೆಯಲ್ಲಿ ಎರಡು ಪಾರ್ಟಿ. ಮಾವ ಹೇಳ್ತಾರೆ, "ಏಳು ಮಂದಿ ಕೂಡೋ ಗಾಡಿ ತಗೋರಿ ಅಳಿಯಂದ್ರ, ಜಾತ್ರಿಗೆ ಆಗತದ." ನಮ್ಮಪ್ಪ ಹೇಳ್ತಾರೆ, "ನಿನ್ನ ನಾವು ಸೈಕಲ್ ಮ್ಯಾಗ ಬೆಳಸೇವಿ, ಸ್ಕೂಟರ್ ಸಾಕು." ನನಗೆ ಎರಡೂ ಬೇಡ. ಬೈಕ್ ಹೋದರೆ ಹೋಗಲಿ, ಓಡಿಸೋ ಖುಷಿಯಾದರೂ ಉಳಿಯಲಿ ಅಂತ ಆಸೆ. ಕಣ್ಣಿಟ್ಟಿರೋದು ಟಾಟಾ ಆಲ್ಟ್ರೋಜ್ ರೇಸರ್, ಹ್ಯುಂಡೈ ಐ20 ಎನ್ ಲೈನ್, ಇಲ್ಲಾಂದ್ರೆ ಒಳ್ಳೆ ಕಂಡೀಷನ್ ಇರೋ ಹಳೆಯ ಫೋಕ್ಸ್‌ವ್ಯಾಗನ್ ಪೋಲೋ ಟಿಎಸ್‌ಐ. ಮೂರೂ ಟರ್ಬೊ, ಅಂದರೆ ಇಂಜಿನ್ನಿಗೆ ಗಾಳಿ ಒತ್ತಿ ತುಂಬಿ ಪವರ್ ಏರಿಸೋವು. ಬೈಕಿನ ದುಡ್ಡು ಸೇರಿಸಿ 10 ಲಕ್ಷ. ಸೆಕೆಂಡ್ ಹ್ಯಾಂಡ್ ಆದರೂ ನಡೆಯುತ್ತದೆ.

ಇನ್ನೊಂದು ವಿಷಯ. ಮೂರು ವಾರದ ಹಿಂದೆ ಹುಬ್ಬಳ್ಳಿ-ಧಾರವಾಡ ಬೈಪಾಸ್‌ನಲ್ಲಿ ಲಾರಿ ಓವರ್‌ಟೇಕ್ ಮಾಡುತ್ತಾ ಒಂದು ಬಸ್ಸು ಸೀದಾ ನನ್ನ ಎದುರಿಗೆ ಬಂತು. ಮಣ್ಣಿಗೆ ಇಳಿದೆ. ಬೀಳಲಿಲ್ಲ. ಗಾಡಿ ನಿಲ್ಲಿಸಿ ಕೈ ನೋಡಿಕೊಂಡೆ, ಗ್ಲೌಸ್ ಒಳಗೇ ನಡುಗುತ್ತಿತ್ತು. ಮನೆಯಲ್ಲಿ ಹೇಳಿಲ್ಲ.

ಆರೆಕ್ಸ್ ಪ್ರೇಮಿ

ಮಾರಬೇಡೋ ಮಾರಾಯ. ಮುಗೀತು ನನ್ನ ಸಲಹೆ.

ಹಾವೇರಿ ಮಂದಿ

ಆರೆಕ್ಸ್ ಅಣ್ಣ, ನಾನು ಮಾರಲಿಲ್ಲ ನೋಡಿ, ಕಥೆ ಕೇಳಿ.

ಮಗಳು ಹುಟ್ಟಿದಾಗ ಕಾರು ತಂದೆ, ಬೈಕೂ ಇಟ್ಟುಕೊಂಡೆ. "ಭಾನುವಾರಕ್ಕೆ ಇರಲಿ" ಅಂದೆ. ಮೊದಲ ವರ್ಷ ನಾಲ್ಕು ಸಲ ತೆಗೆದೆ. ಎರಡನೇ ವರ್ಷ ಒಂದು ಸಲ, ಅದೂ ಖಂಡೆ ಪೂಜೆಗೆ ತೊಳೆಯೋಕೆ. ಬ್ಯಾಟರಿ ಸತ್ತಿತ್ತು, ಟ್ಯಾಂಕಿನಲ್ಲಿದ್ದ ಪೆಟ್ರೋಲ್ ವಾಸನೆ ಬದಲಾಗಿತ್ತು, ಕವರ್ ಒಳಗೆ ಇಲಿ ಸಂಸಾರ ಹೂಡಿತ್ತು. ವೈರಿಂಗ್ ಪೂರ್ತಿ ಕಡಿದು ಹಾಕಿತ್ತು. ಕೊನೆಗೆ ಬ್ಯಾಡಗಿಯ ಒಬ್ಬ ಹುಡುಗ ಟೆಂಪೋದಲ್ಲಿ ಹೇರಿಕೊಂಡು ಹೋದ. ಸಿಕ್ಕ ರೇಟು ಹೇಳಿದರೆ ನೀವು ಅಳ್ತೀರಿ.

ನಿಂತ ಗಾಡಿ ನಿಂತಲ್ಲೇ ಹಾಳಾಗುತ್ತದೆ. ಓಡಿಸೋಕೆ ಆಗುತ್ತದಾ ಅಂತ ಮೊದಲು ಖರೇ ಖರೇ ಕೇಳಿಕೊಳ್ಳಿ. ಮೊದಲ ಎರಡು ವರ್ಷ ನಿದ್ದೆಗೇ ಟೈಮ್ ಸಿಗಲ್ಲ.

ಆರೆಕ್ಸ್ ಪ್ರೇಮಿ

ಹಾಗಿದ್ರೆ ನನ್ನದೂ ಕೇಳಿ. 2009ರಲ್ಲಿ ಮಗ ಹುಟ್ಟಿದಾಗ 1994ರ ಯಮಹಾ ಆರ್‌ಎಕ್ಸ್ 100 ಬೈಕ್ ಕೊಟ್ಟುಬಿಟ್ಟೆ. 12 ಸಾವಿರಕ್ಕೆ. ಈಗ ಅದೇ ಗಾಡಿಗೆ ಲಕ್ಷದ ಮೇಲೆ ಹೇಳ್ತಾರೆ. ನಮ್ಮ ಓಣಿಯಲ್ಲಿ ಈಗಲೂ ಒಂದಿದೆ. ಮುಂಜಾನೆ ಅದು ಸ್ಟಾರ್ಟ್ ಆದರೆ ನಾನು ಹಾಸಿಗೆಯಲ್ಲಿ ಎದ್ದು ಕೂಡುತ್ತೇನೆ. ಮಗನಿಗೆ ಈಗ ಮೀಸೆ ಬರ್ತಿದೆ, ಅವನು ಕೇಳ್ತಾನೆ, "ಯಾಕ ಮಾರಿದ್ಯಪ್ಪಾ?"

ಸಪ್ತಾಪುರದ ಮೇಷ್ಟ್ರು

ಭಾವನೆ ಒಂದು ಕಡೆ ಇರಲಿ, ಒಂದಿಷ್ಟು ಲೆಕ್ಕ ಮಾಡೋಣ. ನಾನು ಫಿಸಿಕ್ಸ್ ಕಲಿಸುವವನು, ಚಟ ಬಿಡಲ್ಲ.

ಇಂಟರ್‌ಸೆಪ್ಟರಿನ ಶಕ್ತಿ ಸುಮಾರು 47 ಹಾರ್ಸ್‌ಪವರ್. ಗಾಡಿ 200 ಕಿಲೋ ಮೇಲೆ, ನೀವು 75 ಅಂತ ಹಿಡಿಯಿರಿ. ಅಂದರೆ ಟನ್ನಿಗೆ ಸುಮಾರು 165. ನೀವು ನೋಡುತ್ತಿರುವ ರೇಸರ್ ಇರಲಿ, ಎನ್ ಲೈನ್ ಇರಲಿ, 120ರ ಆಸುಪಾಸು. ಕಾರು ಒಂದು ಟನ್ನಿಗಿಂತ ಜಾಸ್ತಿ, ಒಳಗೆ ನೀವು. ಟನ್ನಿಗೆ 100 ದಾಟುವುದು ಕಷ್ಟ. ಹೆಂಡತಿ, ಕೂಸು, ಇಬ್ಬರು ಅವ್ವಂದಿರು, ಡಿಕ್ಕಿಯಲ್ಲಿ ಬಾಣಂತಿಯ ಅಂಟಿನುಂಡಿ ಡಬ್ಬಿ ಸೇರಿದರೆ ಇನ್ನೂ ಕೆಳಗೆ. ಹಾಗಾಗಿ ಎಂಥ ಸ್ಪೋರ್ಟಿ ಹ್ಯಾಚ್‌ಬ್ಯಾಕ್ ತಂದರೂ ಬೈಕಿನ ಆ ಎಳೆತ ಸಿಗಲ್ಲ. ಅದನ್ನು ಹುಡುಕಿಕೊಂಡು ಹೋದರೆ ಮೂರನೇ ದಿನವೇ ಬೇಜಾರು.

ಕಾರಿನ ಖುಷಿ ಬೇರೆ ಕಡೆ ಇರುತ್ತದೆ. ಸ್ಟೀರಿಂಗ್ ತಿರುಗಿಸಿದ ಕೂಡಲೇ ಮೂತಿ ತಿರುಗಬೇಕು, ಬ್ರೇಕ್ ಕಾಲಿಗೆ ಗೊತ್ತಾಗಬೇಕು, ತಿರುವಿನಲ್ಲಿ ಮೈ ವಾಲಬಾರದು. ಟೆಸ್ಟ್ ಡ್ರೈವ್‌ನಲ್ಲಿ ಅದನ್ನು ನೋಡಿ.

ಇನ್ನು ಬೈಕಿನವರಿಗೆ ಅಂತಲೇ ಒಂದು ಮಾತು. ನಿಮಗೆ ಸಂದು ಕಾಣುವ ಅಭ್ಯಾಸ ಇರುತ್ತದೆ. ಎರಡು ಲಾರಿ ನಡುವೆ ಜಾಗ ಕಂಡರೆ ಕೈ ತಾನೇ ತಿರುಗುತ್ತದೆ. ಕಾರು ಬೈಕಿನ ಎರಡು ಪಟ್ಟು ಅಗಲ. ಮುಂದಿನ ಗಾಜಿನ ಪಕ್ಕದ ಕಂಬದ ಹಿಂದೆ ಒಂದು ಸ್ಕೂಟರ್ ಪೂರ್ತಿ ಮುಚ್ಚಿಹೋಗುತ್ತದೆ. ನರೇಂದ್ರದಿಂದ ಗಬ್ಬೂರಿನ ತನಕದ ಆ ಬೈಪಾಸ್ ನಡುವೆ ಡಿವೈಡರ್ ಇಲ್ಲದೆ ಎಷ್ಟು ವರ್ಷ ಇತ್ತು, ಎಷ್ಟು ಜೀವ ಹೋದವು ಅಂತ ನಮಗೆಲ್ಲ ಗೊತ್ತು. 2021ರ ಜನವರಿಯಲ್ಲಿ ಇಟಿಗಟ್ಟಿ ಹತ್ತಿರ ಆದ ಟೆಂಪೋ ಟ್ರಾವೆಲರ್ ಅಪಘಾತವನ್ನು ನಾನು ಇನ್ನೂ ಮರೆತಿಲ್ಲ. ಅವತ್ತು ಸತ್ತವರು ಬೈಕಿನಲ್ಲಿ ಇರಲಿಲ್ಲ. ಕಾರು ತಂದ ಮಾತ್ರಕ್ಕೆ ಓವರ್‌ಟೇಕ್ ಪಾಪ ಮಾಫಿ ಆಗಲ್ಲ.

ಗದಗಿನಾಕಿ

ಗಂಡಸರೆಲ್ಲಾ ಹಾರ್ಸ್‌ಪವರ್ ಮಾತಾಡಿ ಆಯ್ತಾ? ನಾನು ಎರಡು ಮಕ್ಕಳ ತಾಯಿ. ಒಂದು ಹೆರಿಗೆ ಸಿಸೇರಿಯನ್. ಈಗ ನನ್ನ ಮಾತು ಕೇಳಿ.

ಒಂದು. ಸ್ಪೋರ್ಟಿ ಕಾರಿಗೆ ಸಸ್ಪೆನ್ಷನ್ ಬಿಗಿ ಇರುತ್ತದೆ, ಟೈರಿನ ಪಕ್ಕದ ಗೋಡೆ ಗಿಡ್ಡ ಇರುತ್ತದೆ. ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ಹಂಪ್ ದಾಟೋದು ಹೇಗಿರುತ್ತದೆ ಅಂತ ನಿಮಗೆ ಗೊತ್ತಿಲ್ಲ. ಹುಬ್ಬಳ್ಳಿಯಿಂದ ಅಣ್ಣಿಗೇರಿ ಮೇಲೆ ಗದಗಿಗೆ ಬರೋದು ಎಲ್ಲ ಎರೆ ಭೂಮಿ. ಮಳೆಗಾಲಕ್ಕೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಮೇಲಿನ ರೋಡು ಜೋಕಾಲಿ ಆಗುತ್ತದೆ. ನೀವು ಒಬ್ಬರೇ ಟೆಸ್ಟ್ ಡ್ರೈವ್ ಮಾಡಿ ಬಂದರೆ ಪ್ರಯೋಜನ ಇಲ್ಲ. ನಿಮ್ಮಾಕಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಮಾಡಿ. ಈಗ ಬೇಡ, ಎಂಟನೇ ತಿಂಗಳು. ನಿಮ್ಮ ಅವ್ವನನ್ನು ಕೂರಿಸಿ. ಸೊಂಟ ನೋವಿನವರು ಇದ್ದರೆ ಇನ್ನೂ ಒಳ್ಳೇದು, ಸತ್ಯ ಹೇಳ್ತಾರೆ.

ಎರಡು. ಕೂಸನ್ನು ತೊಡೆ ಮೇಲೆ ಇಟ್ಟುಕೊಳ್ಳೋದು. ನಮ್ಮಲ್ಲಿ ಎಲ್ಲರೂ ಮಾಡ್ತಾರೆ, ನಾನೂ ಮೊದಲನೇ ಮಗನಿಗೆ ಮಾಡಿದೆ. ಮೇಷ್ಟ್ರೇ, ನೀವೇ ಹೇಳಿ, 50ರ ಸ್ಪೀಡಿನಲ್ಲಿ ಗುದ್ದಿದರೆ ಐದು ಕಿಲೋ ಕೂಸು ಕೈಯಲ್ಲಿ ನಿಲ್ಲುತ್ತದಾ?

ಸಪ್ತಾಪುರದ ಮೇಷ್ಟ್ರು

ಇಲ್ಲ ತಂಗಿ. ಆ ಕ್ಷಣದ ಹೊಡೆತ ಗುರುತ್ವದ 20 ಪಟ್ಟು ಅಂತ ಹಿಡಿದರೂ ಐದು ಕಿಲೋ ಕೂಸು ನೂರು ಕಿಲೋ ಆಗುತ್ತದೆ. ಒಂದು ಕ್ವಿಂಟಲ್ ಜೋಳದ ಚೀಲ ಕೈಯಿಂದ ಹಾರಿದ ಹಾಗೆ. ಯಾವ ತಾಯಿಯ ಕೈಯೂ ತಡೆಯಲಾರದು.

ಗದಗಿನಾಕಿ

ಅದಕ್ಕೇ ಕೂಸಿನ ಸೀಟು ಬೇಕು. ಹುಟ್ಟಿದ ಕೂಸಿಗೆ ಹಿಂದಕ್ಕೆ ಮುಖ ಮಾಡಿ ಕೂರಿಸೋ ಸೀಟೇ ಆಗಬೇಕು. ಮೈಗೆ ಹೋಲಿಸಿದರೆ ಕೂಸಿನ ತಲೆ ಭಾರ, ಕುತ್ತಿಗೆ ಮೆತ್ತಗೆ. ಗುದ್ದಿದಾಗ ಸೀಟಿನ ಬೆನ್ನು ತಲೆಯನ್ನೂ ಬೆನ್ನನ್ನೂ ಒಟ್ಟಿಗೇ ಹಿಡಿಯುತ್ತದೆ. ಅದನ್ನು ಮುಂದಿನ ಸೀಟಿನಲ್ಲಿ, ಏರ್‌ಬ್ಯಾಗ್ ಎದುರಿಗೆ, ಸತ್ತರೂ ಇಡಬೇಡಿ. ಏರ್‌ಬ್ಯಾಗೇ ಕೂಸಿನ ಜೀವ ತೆಗೆಯುತ್ತದೆ. ಹಿಂದಿನ ಸೀಟಿನಲ್ಲಿ ಕೂಸಿನ ಸೀಟು ಸಿಕ್ಕಿಸೋ ಐಸೋಫಿಕ್ಸ್ ಕೊಂಡಿ ಇದೆಯಾ ಅಂತ ಕೈ ಹಾಕಿ ನೋಡಿ, ಸೇಲ್ಸ್ ಹುಡುಗನ ಮಾತು ನಂಬಬೇಡಿ.

ನನ್ನ ಉಪಾಯ: ಮೊದಲು ಸೀಟು ಕೊಳ್ಳಿ, ಆಮೇಲೆ ಕಾರು. ಸೀಟು ಹೊತ್ತುಕೊಂಡೇ ಶೋರೂಮಿಗೆ ಹೋಗಿ. ಹಿಂದಕ್ಕೆ ಮುಖದ ಸೀಟು ಹಾಕಿದರೆ ಮುಂದಿನ ಸೀಟು ಎಷ್ಟು ಮುಂದೆ ಬರುತ್ತದೆ ಅಂತ ಅಲ್ಲೇ ಗೊತ್ತಾಗುತ್ತದೆ.

ಮತ್ತೆ "ಸ್ಕೂಟರ್ ಸಾಕು" ಅನ್ನೋ ನಿಮ್ಮಪ್ಪನವರಿಗೆ ಹೇಳಿ. 2023ರ ಫೆಬ್ರವರಿಯಿಂದ ನಿಯಮ ಇದೆ: ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಗುವನ್ನು ದ್ವಿಚಕ್ರದಲ್ಲಿ ಒಯ್ಯಬೇಕಾದರೆ ಓಡಿಸುವವರ ಮೈಗೆ ಕಟ್ಟೋ ಬೆಲ್ಟು, ಮಗುವಿಗೆ ಹೆಲ್ಮೆಟ್ ಬೇಕು, ವೇಗ 40 ದಾಟಬಾರದು. ಚೆನ್ನಮ್ಮ ಸರ್ಕಲ್‌ನಲ್ಲಿ ಯಾರು ಪಾಲಿಸ್ತಾರೆ ಅಂತ ಕೇಳಬೇಡಿ.

ಲೈನ್ ಬಜಾರ್

ಇನ್ಶೂರೆನ್ಸ್ ಕೆಲಸ ನನ್ನದು, ಅದಷ್ಟೇ ಹೇಳುತ್ತೇನೆ.

ಬೈಕಿನ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಸಿಗೋ ರಿಯಾಯಿತಿ, ಕಾರಿಗೆ ಬರಲ್ಲ. ಬೈಕಿನದು ಬೈಕಿಗೆ, ಕಾರಿನದು ಕಾರಿಗೆ. ಐದು ವರ್ಷ ಕ್ಲೇಮ್ ಮಾಡದೆ 50 ಪರ್ಸೆಂಟ್ ಗಳಿಸಿದ್ದರೆ ಮಾರುವಾಗ ಪತ್ರ ಬರೆಸಿಟ್ಟುಕೊಳ್ಳಿ. ಮೂರು ವರ್ಷದೊಳಗೆ ಮತ್ತೆ ಬೈಕ್ ಕೊಂಡರೆ ಉಪಯೋಗಕ್ಕೆ ಬರುತ್ತದೆ.

ಕಾರು ಹೊಸದಾದರೆ ರೋಡ್ ಟ್ಯಾಕ್ಸ್ ನೋಡಿ. ಕರ್ನಾಟಕದಲ್ಲಿ ಕಾರಿನ ಬೆಲೆ 5ರಿಂದ 10 ಲಕ್ಷದ ಒಳಗಿದ್ದರೆ 14 ಪರ್ಸೆಂಟ್, 10 ದಾಟಿ 20ರ ತನಕ 17, ಮೇಲೆ ಸೆಸ್. ನಿಮ್ಮ ಬಜೆಟ್ಟಿನಲ್ಲಿ ಲಕ್ಷಕ್ಕಿಂತ ಜಾಸ್ತಿ ಇದಕ್ಕೇ ಹೋಗುತ್ತದೆ. ಒಂದು-ಎರಡು ವರ್ಷ ಓಡಿದ ಗಾಡಿ ತಗೊಂಡರೆ ಆ ತಲೆನೋವು ಮೊದಲನೆಯವನು ಹೊತ್ತಿರುತ್ತಾನೆ.

ಬೈಕ್ ಮಾರುವಾಗ ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿರುತ್ತದೆ, ಫಾರಂ 35 ಹಾಕಿ ತೆಗೆಸಿ. ಹೆಸರು ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಹಾಕಿಸಿಕೊಂಡು "ಆಮೇಲೆ ಮಾಡಿಸ್ಕೋತೀನಿ ಅಣ್ಣ" ಅನ್ನುವವನನ್ನು ನಂಬಬೇಡಿ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವನೇ ಮಾಲಕ, ಪರಿಹಾರಕ್ಕೆ ಅವನೇ ಹೊಣೆ ಅಂತ 2018ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಕೊಂಡವನ ಜೊತೆ ನೀವೇ ಆರ್‌ಟಿಒಗೆ ಹೋಗಿ ಬನ್ನಿ. ಒಂದು ದಿನ ರಜೆ ಹೋದರೆ ಹೋಗಲಿ.

ಗೋಕುಲ ರೋಡ್ ಗ್ಯಾರೇಜ್

ಸೆಕೆಂಡ್ ಹ್ಯಾಂಡ್ ಟರ್ಬೊ ಅಂದಿರಲ್ಲ ಸರ, ಅದಕ್ಕೆ ಬಂದೆ.

ಗಾಡಿ ನೋಡೋಕೆ ಹೋಗುವಾಗ ಮುಂಜಾನೆ ಹೋಗ್ರಿ, ಹೇಳದೆ ಹೋಗ್ರಿ. ಬಾನೆಟ್ ಮುಟ್ಟಿ ನೋಡ್ರಿ, ಬಿಸಿ ಇದ್ದರೆ ನಿಮಗಿಂತ ಮುಂಚೆ ಯಾರೋ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ ಅಂತ ಅರ್ಥ. ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿ ಸೈಲೆನ್ಸರ್ ಹತ್ತಿರ ನಿಲ್ಲಿರಿ. ನೀಲಿ ಹೊಗೆ ಬಂದರೆ ನಮಸ್ಕಾರ ಮಾಡಿ ವಾಪಸ್ ಬನ್ರಿ. ಟರ್ಬೊಗೆ ಹೋಗೋ ಪೈಪುಗಳ ಜಾಯಿಂಟಿನಲ್ಲಿ ಎಣ್ಣೆ ಜಿನುಗಿದೆಯಾ ಅಂತ ಮೊಬೈಲ್ ಟಾರ್ಚ್ ಬಿಟ್ಟು ನೋಡ್ರಿ. ಆಯಿಲ್ ಟೈಮಿಗೆ ಸರಿಯಾಗಿ ಬದಲಿಸಿದ ಬಿಲ್ ಇರಬೇಕು. ಟರ್ಬೊ ಗಾಡಿಗೆ ಆಯಿಲೇ ರಕ್ತ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2323 ಅಂದರೆ 2023ರ 23ನೇ ವಾರ. ಗಾಡಿ 2024ರದ್ದು, ಟೈರು ಈ ವರ್ಷದ್ದು ಅಂದರೆ ಯಾಕೆ ಬದಲಿಸಿದರು ಅಂತ ಕೇಳ್ರಿ. 10 ಸಾವಿರ ಕಿಲೋಮೀಟರಿಗೆ ಟೈರು ತಿಂದಿದ್ದಾನೆ ಅಂದರೆ ಹೇಗೆ ಓಡಿಸಿದ್ದಾನೆ ಅಂತ ತಿಳಿಯಿತಲ್ಲ.

ಕೊನೆಯದಾಗಿ, ಸ್ಪೋರ್ಟಿ ಕಾರು ಕೊಳ್ಳೋರು ಸುಮ್ನೆ ಕೂಡಲ್ಲ. ಇಂಜಿನ್ ಕಂಪ್ಯೂಟರ್ ಬದಲಾಯಿಸಿ ಪವರ್ ಏರಿಸಿರುತ್ತಾರೆ, ಮಾರುವಾಗ ಹಳೆಯದಕ್ಕೆ ವಾಪಸ್ ತರುತ್ತಾರೆ. ಕ್ಲಚ್ಚು ಮಾತ್ರ ಸುಳ್ಳು ಹೇಳಲ್ಲ. ನಾಲ್ಕನೇ ಗೇರಿನಲ್ಲಿ ನಿಧಾನ ಹೋಗುತ್ತಾ ಒಮ್ಮೆಲೇ ಆಕ್ಸಿಲರೇಟರ್ ಪೂರ್ತಿ ಒತ್ತಿರಿ. ಇಂಜಿನ್ ತಿರುಗೋ ಆರ್‌ಪಿಎಂ ಏರಿ ಗಾಡಿಯ ಸ್ಪೀಡು ಏರಲಿಲ್ಲ ಅಂದರೆ ಕ್ಲಚ್ಚು ಮುಗಿದಿದೆ.

ಪೋಲೋ ಚಲೋ ಗಾಡಿ, ಆದರೆ 2022ಕ್ಕೇ ನಿಂತುಹೋಯಿತು. ಬರೀ ಮನಸ್ಸಿಗೆ ತಗೊಳ್ಳೋದಾದರೆ ತಗೊಳ್ರಿ. ಕೂಸಿನ ಮನೆಗೆ ನಾನು ಹೇಳಲ್ಲ.

ನವನಗರದವ

ಎಲ್ಲರಿಗೂ ಧನ್ಯವಾದ. ಎರಡು ವಾರ ಆಯಿತು, ಒಂದಿಷ್ಟು ಸುದ್ದಿ ಇದೆ.

ಮೊದಲು ಮನೆಯಲ್ಲಿ ಬೈಪಾಸ್ ವಿಷಯ ಹೇಳಿಬಿಟ್ಟೆ. ಹೆಂಡತಿಗೆ ಗೊತ್ತಿತ್ತು! ಸೈಲೆನ್ಸರಿಗೆ ಮಣ್ಣು ಮೆತ್ತಿ ಸುಟ್ಟು ಗಟ್ಟಿಯಾಗಿದ್ದನ್ನು ಅವತ್ತೇ ನೋಡಿದ್ದಳಂತೆ. "ನೀವ ಹೇಳತೀರೇನು ಅಂತ ಕಾಯಾಕತ್ತಿದ್ದೆ" ಅಂದಳು. ನಾನು ಮಾತಾಡಲಿಲ್ಲ.

ಆಮೇಲೆ ಆಕೆಯೇ ಕೇಳಿದಳು, "ಭಾನುವಾರ ಮುಂಜಾನಿ ನಾಕು ತಾಸು ನಿಮ್ಮನ್ನ ಯಾರೂ ಕೇಳಬಾರದು, ಹೌದಿಲ್ಲೋ? ಅದನ್ನ ನಾ ಕೊಡತೀನಿ. ಆದರ ತಿಂಗಳಿಗೆ ಒಂದು ಭಾನುವಾರ ನನ್ನೂ ಕರಕೊಂಡು ಹೋಗ್ರಿ. ಆ ನಿಮ್ಮ ಬೈಕಿನ ಹಿಂದಿನ ಸೀಟಿನ್ಯಾಗ ಕುಂತು ನನಗ ಅರಬೈಲ್ ಘಟ್ಟ ಒಮ್ಮೆನೂ ಛಂದ ಕಾಣಿಸಿಲ್ಲ. ನಿಮ್ಮ ಹೆಲ್ಮೆಟ್ ಅಷ್ಟ ಕಂಡದ." ಆರು ವರ್ಷ ಆಕೆಗೂ ಅದು ಇಷ್ಟ ಅಂತಲೇ ನಾನು ತಿಳಿದಿದ್ದೆ.

ಗದಗಿನ ಅಕ್ಕ ಹೇಳಿದ ಹಾಗೆ ಮೊದಲು ಸೀಟು ಕೊಂಡೆ. ಸೀಟು ಬಗಲಲ್ಲಿ ಹಿಡಿದು ಶೋರೂಮಿಗೆ ಹೋದರೆ ಸೇಲ್ಸ್ ಹುಡುಗ ನಕ್ಕ. ಒಂದು ಕಾರಿನಲ್ಲಿ ಅದನ್ನು ಹಾಕಿದ ಮೇಲೆ ಮುಂದಿನ ಸೀಟಿನಲ್ಲಿ ನನ್ನ ಮೊಣಕಾಲು ಡ್ಯಾಶ್‌ಬೋರ್ಡಿಗೆ ತಾಗಿತು. ಇನ್ನೊಂದರಲ್ಲಿ ಕೊಂಡಿ ಸೀಟಿನ ಸಂದಿಯಲ್ಲಿ ಎಷ್ಟು ಒಳಗಿತ್ತು ಅಂದರೆ ಬೆರಳು ಗೀರಿಕೊಂಡೆ. ಆಲ್ಟ್ರೋಜ್‌ನ ಬಾಗಿಲು ನೇರ 90 ಡಿಗ್ರಿ ತೆರೆಯುತ್ತದೆ. ಸೀಟು ಎರಡೂ ಕೈಯಲ್ಲಿ ಹಿಡಿದು ಸೀದಾ ಒಳಗೆ ಇಟ್ಟೆ, ಕ್ಲಿಕ್ ಅಂತು. ಇಡೀ ತಿಂಗಳು ಯೂಟ್ಯೂಬ್‌ನಲ್ಲಿ ಟಾರ್ಕು, ಗೇರು ಅಂತ ನೋಡಿದವನು ಕೊನೆಗೆ ಬಾಗಿಲು ನೋಡಿ ಕಾರು ಆರಿಸಿದೆ. 2020ರ ಗ್ಲೋಬಲ್ ಎನ್‌ಕ್ಯಾಪ್ ಕ್ರ್ಯಾಶ್ ಪರೀಕ್ಷೆಯಲ್ಲಿ ಆಲ್ಟ್ರೋಜ್‌ಗೆ ದೊಡ್ಡವರ ವಿಭಾಗದಲ್ಲಿ ಐದು ಸ್ಟಾರ್, ಮಕ್ಕಳ ವಿಭಾಗದಲ್ಲಿ ಮೂರು. ಆ ಮೂರನ್ನು ನೋಡಿ ಎರಡು ರಾತ್ರಿ ಯೋಚನೆ ಮಾಡಿದ್ದೂ ನಿಜ.

ಅವ್ವನನ್ನು ಹಿಂದೆ ಕೂರಿಸಿ ಭೈರಿದೇವರಕೊಪ್ಪದಿಂದ ಉಣಕಲ್ ಕೆರೆ ತನಕ ಒಳರೋಡಿನಲ್ಲಿ ಓಡಿಸಿದೆ. ಸ್ವಲ್ಪ ಬಿಗಿ ಅನ್ನಿಸಿತಂತೆ. "ಟ್ರ್ಯಾಕ್ಟರ್‌ಕಿಂತ ಅಡ್ಡಿಯಿಲ್ಲ" ಅಂದಳು. ಅದನ್ನು ಪಾಸ್ ಅಂತ ತಿಳಿದೆ.

ಆರೆಕ್ಸ್ ಪ್ರೇಮಿ

ಬೈಕ್?

ನವನಗರದವ

ಮಾರಿದೆ ಅಣ್ಣ. ರಾಣೆಬೆನ್ನೂರಿನ ಕಡೆಯ ಹುಡುಗ, ಅಪ್ಪನ ಜೊತೆ ಬಂದಿದ್ದ. ಹುಡುಗ ಇಂಜಿನ್ ನೋಡುತ್ತಿದ್ದರೆ ಅಪ್ಪ ನನ್ನನ್ನೇ ನೋಡುತ್ತಿದ್ದರು. "ಯಾಕ ಮಾರತೀರಿ?" ಅಂದರು. ಮನೆಯಲ್ಲಿ ಕೂಸು ಬರ್ತಿದೆ ಅಂದೆ. ಅವರು ಮಗನ ಕಡೆ ತಿರುಗಿ, "ನಂದೂ ಒಂದು ಕೂಸ ಅದ ನೋಡ್ರಿ, ಹೇಳಿದ್ದು ಕೇಳಂಗಿಲ್ಲ" ಅಂದರು. ನನ್ನ ಒಳ್ಳೆ ಜಾಕೆಟ್, ಮೊಣಕಾಲಿನ ಪ್ಯಾಡು ಎರಡನ್ನೂ ಹುಡುಗನಿಗೆ ಹಾಗೇ ಕೊಟ್ಟೆ. ಲೈನ್ ಬಜಾರ್ ಅಣ್ಣ ಹೇಳಿದ ಹಾಗೆ ಆರ್‌ಟಿಒಗೂ ಒಟ್ಟಿಗೇ ಹೋಗಿ ಬಂದೆವು.

ಕಾರು 14 ಸಾವಿರ ಓಡಿದ ರೇಸರ್. ಗೋಕುಲ ರೋಡಿನ ಅಣ್ಣನ ಹತ್ತಿರವೇ ತೋರಿಸಿದೆ, ಗುರುತು ಹೇಳಲಿಲ್ಲ. ಅವರು ಮೂರು ತಾಸು ನೋಡಿ ಚಹಾದ ದುಡ್ಡು ಮಾತ್ರ ತಗೊಂಡರು.

ಅಪ್ಪ ಮಾತ್ರ ಬಾನೆಟ್ ಮೇಲಿನ ಎರಡು ಬಿಳಿ ಪಟ್ಟಿ ನೋಡಿ ಅಲ್ಲೇ ನಿಂತರು. "ವಿಭೂತಿ ಅಡ್ಡ ಹಚ್ಚತಾರ, ಇದೇನೋ ಉದ್ದ ಐತಲ್ಲೋ. ನಾಮ! ಯಾರೋ ನಿನಗ ನಾಮ ಹಾಕ್ಯಾರ ತಮ್ಮಾ."

ಗೋಕುಲ ರೋಡ್ ಗ್ಯಾರೇಜ್

ಅಯ್ಯೋ ನೀವೇನಾ ಸರ ಅದು! ಮೊದಲೇ ಹೇಳಬಾರದಾ? ಟೈರಿನಲ್ಲಿ 32 ಗಾಳಿ ಇಟ್ಟಿದ್ದೇನೆ, ಏರಿಸಬೇಡ್ರಿ.

ನವನಗರದವ

ಐದು ತಿಂಗಳ ಮೇಲೆ ಬರುತ್ತಿದ್ದೇನೆ. ಮಗಳು ಹುಟ್ಟಿದಳು. ಹೋದ ವಾರ ಗದಗಿನಿಂದ ಕರೆದುಕೊಂಡು ಬಂದೆವು. 58 ಕಿಲೋಮೀಟರಿಗೆ ಎರಡು ತಾಸು ಹಿಡಿಯಿತು. ಹಂಪ್ ಬಂದಲ್ಲೆಲ್ಲ ಮೊದಲನೇ ಗೇರಿಗೆ ಇಳಿದೆ, ಹಿಂದಿನ ಲಾರಿಯವನು ಹಾರ್ನ್ ಹೊಡೆದೇ ಹೊಡೆದ. ಅಣ್ಣಿಗೇರಿಯಲ್ಲಿ ಹಾಲು ಕುಡಿಸೋಕೆ ನಿಂತೆವು. 120 ಹಾರ್ಸ್‌ಪವರ್ ಇದ್ದದ್ದು ಅವತ್ತು ಯಾರಿಗೂ ಗೊತ್ತಾಗಲಿಲ್ಲ.

ಈ ಭಾನುವಾರ ಮುಂಜಾನೆ ಐದಕ್ಕೆ ಒಬ್ಬನೇ ಕಲಘಟಗಿ ದಾಟಿ ಹೋಗಿ ಬಂದೆ. ಮೇಷ್ಟ್ರು ಹೇಳಿದ್ದು ಸರಿ, ಎಳೆತ ಬೈಕಿನದಲ್ಲ. ಆದರೆ ಕಾಡು ಶುರುವಾಗೋ ಕಡೆ ಎರಡು ತಿರುವು ಬರ್ತವಲ್ಲ, ಮೂರನೇ ಗೇರು, ಕಿಟಕಿ ಪೂರ್ತಿ ಇಳಿಸಿದ್ದೆ, ಹಸಿ ಮಣ್ಣಿನ ವಾಸನೆ. ಮುಂದಿನ ತಿಂಗಳು ಆಕೆಯ ಸರದಿ.

ಗದಗಿನ ಅಕ್ಕಾರ, ಒಂದು ಪ್ರಶ್ನೆ ಇದೆ. ಮಗಳು ಸೀಟಿನ ಮೇಲೆ ಹಾಲು ಕಕ್ಕಿದ್ದಾಳೆ. ಕಾರೆಲ್ಲ ಹುಳಿ ವಾಸನೆ. ಏನು ಮಾಡೋದು?

ಗದಗಿನಾಕಿ

ಮೊದಲು ಅಭಿನಂದನೆ ತಮ್ಮಾ! ಪೇಢೆ ಎಲ್ಲಿ?

ಬಟ್ಟೆಯ ಕವರ್ ಬಿಚ್ಚಿ ತಣ್ಣೀರಲ್ಲಿ ನೆನೆಸಿ. ಬಿಸಿನೀರು ಹಾಕಿದರೆ ಹಾಲು ಇನ್ನೂ ಗಟ್ಟಿಯಾಗಿ ಹಿಡಿಯುತ್ತದೆ. ಆಮೇಲೆ ಅಡುಗೆ ಸೋಡಾ ಉದುರಿಸಿ ರಾತ್ರಿ ಬಿಡಿ, ಬೆಳಗ್ಗೆ ಝಾಡಿಸಿ ತೊಳೆದು ನೆರಳಲ್ಲಿ ಒಣಗಿಸಿ. ಬೆಲ್ಟುಗಳನ್ನು ಮಾತ್ರ ನೀರಲ್ಲಿ ನೆನೆಸಬೇಡಿ, ಮಷೀನಿಗೂ ಹಾಕಬೇಡಿ, ಶಕ್ತಿ ಹೋಗುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.

ಮತ್ತೆ ಹಾಲು ಕುಡಿಸಿದ ಕೂಡಲೇ ಗಾಡಿ ಹೊಡೀಬೇಡಿ. ಡೇಗು ಬರೋ ತನಕ ಹೆಗಲ ಮೇಲೆ ಹಾಕಿಕೊಂಡು ನಿಲ್ಲಿ.